ದಿನ ತುಂಬದ ಕೂಸು

ಏಳು ತಿಂಗಳಿಗೆ ಹುಟ್ಟಿದ ಕೂಸು ಬದುಕೀತು, ಎಂಟು ತಿಂಗಳಿನದು ಬದುಕದು ಎಂಬ ಮಾತು ಹಳೆಯ ಮನೆಗಳಲ್ಲಿ ಇಂದಿಗೂ ಕೇಳಿಬರುವುದು. ಇದನ್ನು ನಮ್ಮ ಹಳ್ಳಿಯ ಮುದುಕಿಯರ ಕಲ್ಪನೆಯೆಂದು ನಗುವವರು, ಗ್ರೀಸ್ ದೇಶದ ಹಿಪಾಕ್ರಟೀಸನ ಹೆಸರಿನಲ್ಲಿ ಬಂದಿರುವ ವೈದ್ಯಗ್ರಂಥಗಳಲ್ಲಿಯೂ ಇದೇ ಮಾತುಂಟೆಂದು ತಿಳಿದರೆ ಸ್ವಲ್ಪ ಸುಮ್ಮನಾದಾರು. ಆದರೆ ಮಾತು ಎಷ್ಟು ಹಳೆಯದಾದರೂ ನಿಜವಲ್ಲ. ತಾಯಿಯ ಗರ್ಭದಲ್ಲಿ ಒಂದೊಂದು ವಾರ ಹೆಚ್ಚಾಗಿ ಕಳೆದಷ್ಟೂ ಕೂಸಿನ ಬಲ ಹೆಚ್ಚುವುದು; 37 ವಾರ ತುಂಬುವ ಮೊದಲೇ ಹುಟ್ಟಿದುದನ್ನು ವೈದ್ಯರು ದಿನ ತುಂಬದ ಕೂಸೆಂದು ಎಣಿಸುವರು. ಗಾದೆಯ ಕೇಡೆಂದರೆ, ಎಂಟನೆಯ ತಿಂಗಳಿನದೆಂದು ಕೇಳಿದೊಡನೆಯೇ ಮನೆಯವರು ಆಸೆ ಬಿಡುವುದು.

ಬಾಣಸವಾಡಿಯ ಒಂದು ಮನೆಯನ್ನು ಓದುಗರು ನೆನೆದುಕೊಳ್ಳಲಿ. ಹಿಂದೆ ಬೇರೆಯೇ ಹಳ್ಳಿಯಾಗಿದ್ದು ಈಗ ಬೆಂಗಳೂರಿನ ಹೊಟ್ಟೆಯೊಳಗೆ ಸೇರಿಹೋಗಿರುವ ಈ ಊರಿನ ಬೀದಿಗಳಲ್ಲಿ ಕನ್ನಡ, ತಮಿಳು, ತೆಲುಗು ಮೂರೂ ಕಿವಿಗೆ ಬೀಳುವುವು. ಬಾಣಂತನದ ಕಟ್ಟುಪಾಡುಗಳಲ್ಲಿ ಮಾತ್ರ ಮೂರು ಭಾಷೆಯ ಹಿರಿಯರೂ ಏಕಮತಸ್ಥರು. ತಲೆಗೆ ಬಟ್ಟೆ, ಕಿವಿಗೆ ಹತ್ತಿ, ಸಾಂಬ್ರಾಣಿಯ ಹೊಗೆ, ಗಾಳಿಯಾಡದ ಕೋಣೆ. ಅಂತಹ ಮನೆಯ ಸೊಸೆಗೆ 31ನೆಯ ವಾರದಲ್ಲಿಯೇ ನೋವು ಬಂದು, ಶಿವಾಜಿನಗರದ ಕಡೆಯ ಆಸ್ಪತ್ರೆಯೊಂದರಲ್ಲಿ ಒಂದೂವರೆ ಕಿಲೋ ಕೂಡ ತೂಗದ ಹೆಣ್ಣುಕೂಸು ಹುಟ್ಟಿತೆನ್ನಿ. ಹೆರಿಗೆಗೆ ಮೊದಲು ಆಕೆಗೆ ಕೊಟ್ಟ ಚುಚ್ಚುಮದ್ದು ಕೂಸಿನ ಶ್ವಾಸಕೋಶವನ್ನು ಬೇಗ ಪಕ್ವಗೊಳಿಸುವಂತಹುದು. ನ್ಯೂಜಿಲೆಂಡಿನ ಲಿಗಿನ್ಸ್ ಮತ್ತು ಹೋವಿ ಎಂಬ ವೈದ್ಯರು 1972ರಲ್ಲಿ ಇದರ ಗುಣವನ್ನು ಲೋಕಕ್ಕೆ ತಿಳಿಸಿದರು. ಅಲ್ಲಿಂದ ಮುಂದಿನ ಭಾರವೆಲ್ಲ ಬಹುಮಟ್ಟಿಗೆ ದಾದಿಯದು.

ಆ ಭಾರವೇನೆಂಬುದು ಹೊರಗೆ ಬೆಂಚಿನ ಮೇಲೆ ಕುಳಿತವರಿಗೆ ಕಾಣದು. ಅಷ್ಟು ಚಿಕ್ಕ ಮೈಗೆ ಕೊಬ್ಬಿನ ಹೊದಿಕೆಯಿಲ್ಲ, ತೊಗಲು ತೆಳು. ಬಿಸಿಯನ್ನು ತಾನೇ ಉಳಿಸಿಕೊಳ್ಳಲಾರದು. ಮೈಯ ಶಾಖವು 36.5 ರಿಂದ 37.5 ಡಿಗ್ರಿಯೊಳಗೆ ನಿಲ್ಲಬೇಕು. ಉಸಿರಾಡುವುದನ್ನೇ ಕೂಸು ಒಮ್ಮೊಮ್ಮೆ ಮರೆತುಬಿಡುವುದು. ಆಗ ದಾದಿಯು ಅಂಗಾಲನ್ನು ಮೆಲ್ಲಗೆ ಉಜ್ಜಿ ನೆನಪಿಸುವಳು. ಮಡಿಸಿದ ಬಟ್ಟೆಯನ್ನು ಸುತ್ತಲೂ ಒತ್ತಾಗಿಟ್ಟು ಹಕ್ಕಿಯ ಗೂಡಿನಂತೆ ಮಾಡಿ, ಕೈಕಾಲು ಮುದುಡಿಕೊಂಡು ಗರ್ಭದಲ್ಲಿದ್ದಂತೆಯೇ ಇರಲು ಅನುಕೂಲ ಮಾಡಿಕೊಡುವಳು. ಪೆಟ್ಟಿಗೆಯ ಮೇಲೊಂದು ಬಟ್ಟೆ ಹೊದಿಸಿ ಬೆಳಕನ್ನು ತಡೆಯುವಳು. ಬಾಗಿಲು ದಡಾರನೆ ಮುಚ್ಚಿದರೂ, ಪೆಟ್ಟಿಗೆಯ ಮೇಲೆ ಕಬ್ಬಿಣದ ತಟ್ಟೆಯಿಟ್ಟರೂ ಒಳಗಿನ ಜೀವ ಬೆಚ್ಚುವುದು. ಆದುದರಿಂದ ಒಳ್ಳೆಯ ದಾದಿಯ ಗುರುತು ಆಕೆಯ ಹೆಜ್ಜೆಯ ಸದ್ದಿನಲ್ಲಿರುವುದು.

ನೋವಿನ ಮಾತು ಇನ್ನೂ ವಿಚಿತ್ರ. ಇಷ್ಟೆಳೆಯ ಕೂಸಿಗೆ ನೋವೇ ತಿಳಿಯದೆಂದು ದೊಡ್ಡ ದೊಡ್ಡ ಪಂಡಿತರು ಬಹುಕಾಲ ನಂಬಿದ್ದರು. ಸಾಕಷ್ಟು ಮಂಪರು ಕೊಡದೆಯೇ ಶಸ್ತ್ರಚಿಕಿತ್ಸೆಯನ್ನೂ ಮಾಡುತ್ತಿದ್ದರು. ಆಕ್ಸ್‌ಫರ್ಡಿನಲ್ಲಿದ್ದ ಭಾರತೀಯ ಮೂಲದ ಡಾ. ಆನಂದ್ ಮತ್ತು ಅವರ ಸಂಗಡಿಗರು 1987ರಲ್ಲಿ ಪ್ರಕಟಿಸಿದ ಪರೀಕ್ಷೆಗಳಿಂದ ಈ ನಂಬಿಕೆ ಅಲುಗಿತು. ಹೆತ್ತ ಯಾವ ತಾಯಿಯೂ ಹಾಗೆ ನಂಬಿರಲಾರಳು. ಆದರೆ ತಾಯಂದಿರನ್ನು ಕೇಳಿದವರಾರು? ಈಗ ಹಿಮ್ಮಡಿಗೆ ಸೂಜಿ ಚುಚ್ಚುವ ಮುನ್ನ ನಾಲಗೆಗೆ ಎರಡು ಹನಿ ತಾಯಿಯ ಹಾಲನ್ನೋ ಸಕ್ಕರೆಯ ನೀರನ್ನೋ ಬಿಟ್ಟು, ಕೈಕಾಲನ್ನು ಅಂಗೈಯಲ್ಲಿ ಒಟ್ಟುಗೂಡಿಸಿ ಹಿಡಿಯುವುದು ಶುಶ್ರೂಷೆಯ ಕ್ರಮವಾಗಿದೆ.

ಹಾಲೂಡಿಸುವುದರಲ್ಲಿ ನಮ್ಮವರ ಅಡುಗೆಮನೆ ವೈದ್ಯಶಾಸ್ತ್ರಕ್ಕೆ ಒಂದು ಸಾಧನವನ್ನು ಕೊಟ್ಟಿದೆಯೆಂದು ಹೆಮ್ಮೆಪಡಬಹುದು. ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಕೂಸಿಗೆ ಸುಮಾರು 34ನೆಯ ವಾರಕ್ಕೆ ಬರುವುದು. ಅದಕ್ಕೆ ಮುಂಚೆ ಮೂಗಿನಿಂದಲೋ ಬಾಯಿಂದಲೋ ಹೊಟ್ಟೆಗೆ ಇಳಿಸಿದ ಸಣ್ಣ ಕೊಳವೆಯೇ ಗತಿ. ನುಂಗಲು ಬಂದು ಚೀಪಲು ಬಾರದ ನಡುವಣ ದಿನಗಳಲ್ಲಿ, ಅಜ್ಜಿಯರು ಹಿತ್ತಾಳೆಯಲ್ಲೋ ಬೆಳ್ಳಿಯಲ್ಲೋ ಮಾಡಿಸಿಟ್ಟಿದ್ದ ಒಳಲೆಯೇ ಉಕ್ಕಿನ ರೂಪ ತಾಳಿ ದಾದಿಯ ಕೈಯಲ್ಲಿ ಕೆಲಸ ಮಾಡುವುದು. ಶೀಷೆಯಿಂದ ಸೋಂಕಿನ ಭಯ ಹೆಚ್ಚು. ಒಳಲೆಯನ್ನು ಕುದಿಸಿ ಶುದ್ಧಮಾಡುವುದು ಸುಲಭ. ತನ್ನ ಹಾಲು ಸಾಲದ ತಾಯಂದಿರ ಕೂಸುಗಳಿಗಾಗಿ ಬೇರೆ ತಾಯಂದಿರು ದಾನ ಕೊಟ್ಟ ಹಾಲನ್ನು ಕಾಯಿಸಿ ಕೂಡಿಡುವ ಹಾಲಿನ ಭಂಡಾರವೂ ಉಂಟು. ಭಾರತದಲ್ಲಿ ಮೊದಲನೆಯದು ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ 1989ರಲ್ಲಿ ಆರಂಭವಾಯಿತು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲಿ 2022ರಲ್ಲಿ ತೆರೆದುದಕ್ಕೆ ಅಮೃತಧಾರೆಯೆಂದು ಹೆಸರು.

ಇಷ್ಟೆಲ್ಲ ನಡೆಯುತ್ತಿರುವಾಗ ಆ ಬಾಣಸವಾಡಿಯ ತಾಯಿ ಎಲ್ಲಿ? ಅವಳಿರುವುದು ಬೇರೊಂದು ವಾರ್ಡಿನಲ್ಲಿ, ಕಂಬಳಿ ಹೊದ್ದು. ಮೂರನೆಯ ದಿನ ದಾದಿಯು ಬಂದು, "ಅಮ್ಮಾ, ಎದ್ದು ಬನ್ನಿ. ಮಗುವನ್ನು ಎದೆಗೆ ಕಟ್ಟಿಕೊಡುತ್ತೇನೆ" ಎನ್ನುವಳು. ಅತ್ತೆಗೆ ಸಿಟ್ಟು. "ಹಸಿ ಬಾಣಂತಿ, ಅವಳನ್ನು ಕುರ್ಚಿಯಲ್ಲಿ ಕೂರಿಸುತ್ತೀಯೇನಮ್ಮ? ಗಾಜಿನ ಪೆಟ್ಟಿಗೆ ಏತಕ್ಕಿದೆ? ನಾವು ದುಡ್ಡಿಲ್ಲದವರೆಂದು ತಾನೇ ಹೀಗೆ?" ಆ ಮುದುಕಿಯ ಅನುಮಾನ ಆಧಾರವಿಲ್ಲದ್ದೇನಲ್ಲ. ಕಾಂಗರೂವಿನ ಹೆಸರಿನ ಈ ಆರೈಕೆ ಮೊದಲಾದುದೇ ಬಡತನದಿಂದ: 1978-79ರ ಹೊತ್ತಿಗೆ ಕೊಲಂಬಿಯಾ ದೇಶದ ಬೊಗೋಟಾದಲ್ಲಿ ಪೆಟ್ಟಿಗೆಗಳು ಸಾಲದೆ, ಡಾ. ಎಡ್ಗರ್ ರೇ ಮತ್ತು ಡಾ. ಹೆಕ್ಟರ್ ಮಾರ್ಟಿನೆಸ್ ಅವರು ಕೂಸನ್ನು ತಾಯಿಯ ಬರಿಯೆದೆಗೆ ನೆಟ್ಟಗೆ ಒರಗಿಸಿ ಕಟ್ಟುವ ಪದ್ಧತಿಯನ್ನು ತಂದರು. ಅತ್ತ ಪೆಟ್ಟಿಗೆಯಾದರೂ ಪ್ಯಾರಿಸಿನ ಟಾರ್ನಿಯೇ ಎಂಬ ವೈದ್ಯನು ಕೋಳಿಮೊಟ್ಟೆ ಮರಿಮಾಡುವ ಯಂತ್ರವನ್ನು ಕಂಡು 1880ರಲ್ಲಿ ಮಾಡಿಸಿದುದು. ಅದರಲ್ಲಿ ವಿಶೇಷ ಗೌರವವೇನೂ ಇಲ್ಲ.

ಆದರೆ ಬಡವರಿಗೆಂದು ಹುಟ್ಟಿದುದೇ ಮೇಲೆಂದು ಈಗ ತೋರಿಬಂದಿದೆ. ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯೂ ಸೇರಿ ಐದು ದೇಶಗಳ ಐದು ಆಸ್ಪತ್ರೆಗಳಲ್ಲಿ 3211 ಕೂಸುಗಳ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಹುಟ್ಟಿದೊಡನೆಯೇ ಎದೆಗೆ ಕಟ್ಟಿದವುಗಳಲ್ಲಿ 28 ದಿನದೊಳಗೆ ತೀರಿಕೊಂಡವು ನೂರಕ್ಕೆ 12. ಸ್ಥಿತಿ ಸುಧಾರಿಸಿದ ಮೇಲೆ ಕಟ್ಟಿದವುಗಳಲ್ಲಿ 15.7. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಇದನ್ನೇ ಕ್ರಮವೆಂದು ವಿಧಿಸಿತು. ನಮ್ಮಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಕೊಪ್ಪಳ ಜಿಲ್ಲೆಯ ಗಂಗಾವತಿಯ ಕಡೆ ಇದನ್ನು ಹಳ್ಳಿಯ ಮನೆಗಳವರೆಗೆ ಕೊಂಡೊಯ್ದು ನೋಡಿದ್ದಾರೆ. ತಾಯಿಗೆ ದಣಿವಾದಾಗ ತಂದೆಯೂ ಕಟ್ಟಿಕೊಳ್ಳಬಹುದು, ಅತ್ತೆಯೂ ಕಟ್ಟಿಕೊಳ್ಳಬಹುದು. ಜಗಳವಾಡಿದ ಅತ್ತೆ ಒಂದು ಮಧ್ಯಾಹ್ನ ತಾನೇ ಸೆರಗು ಸರಿಸಿ ಕುಳಿತರೆ, ಆ ಮನೆಯ ಬಾಣಂತನದ ಶಾಸ್ತ್ರದಲ್ಲಿ ಹೊಸದೊಂದು ಅಧ್ಯಾಯ ಸೇರಿದಂತೆಯೇ.

ಇನ್ನೊಂದನ್ನು ಹೇಳದೆ ಬಿಡಲಾಗದು. ಉಸಿರಿಗಾಗಿ ಕೊಟ್ಟ ಆಮ್ಲಜನಕವು ಮಿತಿಮೀರಿದರೆ ಎಳೆಯ ಕಣ್ಣಿನ ಒಳಪರದೆಗೆ ಹಾನಿ. ಕಳೆದ ಶತಮಾನದ ನಲವತ್ತರ ದಶಕದಲ್ಲಿ ಶ್ರೀಮಂತ ದೇಶಗಳ ಉತ್ತಮ ಆಸ್ಪತ್ರೆಗಳಲ್ಲಿಯೇ ಸಾವಿರಾರು ಕೂಸುಗಳು ಕುರುಡಾದುವು. ಕಾರಣವನ್ನು ಮೆಲ್ಬರ್ನಿನ ಡಾ. ಕೇಟ್ ಕ್ಯಾಂಬೆಲ್ 1951ರಲ್ಲಿ ಎತ್ತಿ ತೋರಿಸಿದರು. ಬೆಂಗಳೂರಿನ ನಾರಾಯಣ ನೇತ್ರಾಲಯದ ಡಾ. ಆನಂದ್ ವಿನೇಕರ್ ಅವರು 2008ರಲ್ಲಿ ಆರಂಭಿಸಿದ ಯೋಜನೆಯಲ್ಲಿ, ತರಬೇತಿ ಪಡೆದವರು ಕ್ಯಾಮರಾವನ್ನು ಹೊತ್ತು ದೂರದ ಜಿಲ್ಲೆಗಳ ಆಸ್ಪತ್ರೆಗಳಿಗೆ ಹೋಗಿ ಕೂಸುಗಳ ಕಣ್ಣಿನ ಚಿತ್ರ ತೆಗೆಯುವರು. ತಜ್ಞರು ತಾವಿದ್ದಲ್ಲಿಯೇ ಅದನ್ನು ನೋಡಿ ಹೇಳುವರು. ಎರಡು ಕಿಲೋಗಿಂತ ಕಡಿಮೆ ತೂಗಿ ಹುಟ್ಟಿದ ಕೂಸಿಗೆ ಈ ಪರೀಕ್ಷೆ 30 ದಿನದೊಳಗೆ ಆಗಬೇಕು. ಅಷ್ಟರಲ್ಲಿ ಎಷ್ಟೋ ಕೂಸುಗಳು ತೂಕ ಹೆಚ್ಚಿ ಮನೆ ಸೇರಿರುವುವು. ನಾಮಕರಣದ ಸಡಗರದಲ್ಲಿ ತಾರೀಖು ಮೀರುವುದು. ಆಸ್ಪತ್ರೆಯ ಚೀಟಿಯಲ್ಲಿ ಆ ದಿನವನ್ನು ಬರೆದಿದ್ದಾರೆಯೆ ಎಂದು ಹೊರಡುವ ಮುನ್ನವೇ ಮನೆಯವರು ಕೇಳಿಕೊಳ್ಳಬೇಕು.