ಕಿತ್ತಳೆಯ ಬಿಳಿಪೊರೆ



ನಮ್ಮ ದಾಸೋಹದ ಅಡುಗೆಮನೆಯಲ್ಲಿ ಕಿತ್ತಳೆ ಸುಲಿಯುವವರಿಗೆ ನಾವು ಬಹುಕಾಲದಿಂದ ಹೇಳುತ್ತ ಬಂದ ಮಾತೊಂದಿದೆ: ತೊಳೆಗಂಟಿದ ಬಿಳಿಪೊರೆಯನ್ನು ಕಿತ್ತೆಸೆಯಬೇಡಿರಿ. ಅದು ಕೊಂಚ ಕಹಿ, ನಿಜ. ಆದರೆ ಹೆಸ್ಪೆರಿಡಿನ್ ಎಂಬ ಸಸ್ಯದ್ರವ್ಯವು ರಸಕ್ಕಿಂತ ಸಿಪ್ಪೆ ಪೊರೆಗಳಲ್ಲಿಯೇ ಹೆಚ್ಚು.

ಈ ದ್ರವ್ಯದ ಕಥೆಯನ್ನು ನಾವು ಓದಿದ್ದು ವಿಶ್ವವಿದ್ಯಾಲಯದ ದಿನಗಳಲ್ಲಿ. ಹಂಗೇರಿಯ ಸೆಗೆಡ್ ನಗರದಲ್ಲಿ ಆಲ್ಬರ್ಟ್ ಸೆಂಟ್-ಜ್ಯೋರ್ಜಿ ಎಂಬ ವಿಜ್ಞಾನಿ ಅಲ್ಲಿನ ದಪ್ಪ ಮೆಣಸಿನಕಾಯಿಯಿಂದ ಸಿ ಜೀವಸತ್ವವನ್ನು ರಾಶಿರಾಶಿಯಾಗಿ ತೆಗೆದವರು. ನಮ್ಮ ದೇಹದ ಲೋಮನಾಳಗಳ ಗೋಡೆ ಒಂದೇ ಜೀವಕೋಶದಷ್ಟು ತೆಳುವು; ಕೆಂಪು ರಕ್ತಕಣಗಳು ಅಲ್ಲಿ ಒಂದರ ಹಿಂದೊಂದರಂತೆ ನುಸುಳಿ ಸಾಗಬೇಕು. ಆ ಗೋಡೆ ದುರ್ಬಲವಾಗಿ ಚರ್ಮದಡಿ ರಕ್ತ ಒಸರುವ ಕೆಲವು ರೋಗಿಗಳಿಗೆ ಶುದ್ಧ ಸಿ ಜೀವಸತ್ವಕ್ಕಿಂತ ನಿಂಬೆ ಮೆಣಸಿನಕಾಯಿಗಳ ಅಶುದ್ಧ ಸಾರವೇ ಗುಣ ತೋರಿದಂತೆ ಕಂಡಿತು. ಆ ಸಾರದಲ್ಲಿದ್ದ ಫ್ಲೇವನಾಯ್ಡುಗಳಿಗೆ 1936ರಲ್ಲಿ 'ಪಿ ಜೀವಸತ್ವ'ವೆಂದು ಹೆಸರಾಯಿತು. ಮರುವರ್ಷವೇ ಅವರಿಗೆ ನೊಬೆಲ್ ಪಾರಿತೋಷಕ ಬಂದದ್ದು ಬೇರೆ ಸಂಶೋಧನೆಗಳಿಗಾಗಿ.

ಕಥೆಯ ಇಷ್ಟನ್ನು ಮಾತ್ರ ನಾವು ನೆನಪಿನಲ್ಲಿಟ್ಟುಕೊಂಡೆವು. ಮುಂದಿನದನ್ನು ಮರೆತೆವು. ಆ ದ್ರವ್ಯಗಳಿಲ್ಲದೆಯೂ ಜೀವ ನಡೆಯುತ್ತದೆ, ಆದ್ದರಿಂದ ಅವು ಜೀವಸತ್ವಗಳಲ್ಲವೆಂದು ತಿಳಿದ ಮೇಲೆ 1950ರಲ್ಲಿ ವಿದ್ವಾಂಸರು ಆ ಹೆಸರನ್ನೇ ಕೈಬಿಟ್ಟರು. ಡಯಾಸ್ಮಿನ್ ಹೆಸ್ಪೆರಿಡಿನ್‌ಗಳ ಮಾತ್ರೆಯನ್ನು ಕಾಲಿನ ಸಿರೆಗಳ ಬಾವಿಗೂ ಮೂಲವ್ಯಾಧಿಗೂ ಇಂದಿಗೂ ಕೊಡುತ್ತಾರೆ. ಅದು ತೂಕ ಮಾಡಿ ಕೊಡುವ ಔಷಧ, ಹಣ್ಣಿನ ಪೊರೆಯಲ್ಲ.

ಮಠಕ್ಕೆ ಬರುವ ವೃದ್ಧ ರೈತರೊಬ್ಬರಿಗೆ ಸಕ್ಕರೆ ಕಾಯಿಲೆ. ಅವರೊಮ್ಮೆ ಕಣ್ಣು ಮಂಜೆಂದರು. ಗದ್ದೆಯ ಬದುವಿನ ಒಂದೆಲಗದ ತಂಬುಳಿ ಮಾಡಿಸಿ ಉಣ್ಣಿರೆಂದು ಹೇಳಿ ನಾವು ಕಳುಹಿದೆವು. ಒಂದೆಲಗದ ಸಾರದಿಂದ ಸೂಕ್ಷ್ಮನಾಳಗಳಿಗೆ ಹಿತವಾದೀತೆಂದು ಕೆಲವು ಸಣ್ಣ ಪ್ರಯೋಗಗಳು ನಡೆದಿರುವುದು ಸುಳ್ಳಲ್ಲ. ಆದರೆ ನಮ್ಮ ಮಾತನ್ನು ಅವರು ಚಿಕಿತ್ಸೆಯೆಂದೇ ತಿಳಿದು, ಒಂದು ವರ್ಷ ವೈದ್ಯರ ಬಳಿ ಸುಳಿಯಲಿಲ್ಲ. ಏರಿದ ಸಕ್ಕರೆ ಅಕ್ಷಿಪಟಲದ ಸೂಕ್ಷ್ಮನಾಳಗಳನ್ನು ನೋವಿಲ್ಲದೆ ಸೋರಿಸುತ್ತದೆ, ಮುಚ್ಚಿಸುತ್ತದೆ. ಆಮೇಲೆ ಹುಟ್ಟುವ ಹೊಸ ನಾಳಗಳು ಗಟ್ಟಿಯಿಲ್ಲದೆ ಒಡೆಯುತ್ತವೆ. ಕೊನೆಗೆ ಅವರ ಎಡಗಣ್ಣು ಹೋಯಿತು. ಬಲಗಣ್ಣನ್ನು ಲೇಸರ್ ಚಿಕಿತ್ಸೆ ಉಳಿಸಿತು.

ಅವರು ನಮ್ಮನ್ನು ದೂರಲಿಲ್ಲ. "ಬುದ್ಧೀ, ತಮ್ಮ ಮಾತು ಸುಳ್ಳಾದೀತೇ, ನನ್ನ ಪಥ್ಯದಲ್ಲೇ ಏನೋ ತಪ್ಪಿರಬೇಕು" ಎಂದರು. ದೂರಿದ್ದರೆ ಹಗುರವಾಗುತ್ತಿತ್ತು. ಪೀಠದಲ್ಲಿ ಕುಳಿತವನು ಊಟದ ಮಾತಾಡಿದರೂ ಅದು ಅಪ್ಪಣೆಯಾಗುತ್ತದೆಂಬುದನ್ನು ನಾವು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ತಪ್ಪು ನಮ್ಮದೆಂದು ಅವರಿಗೆ ಬಿಡಿಸಿ ಹೇಳಿದೆವು. ಅವರು ಒಪ್ಪಿದಂತೆ ಕಾಣಲಿಲ್ಲ.

ಬಿಳಿಪೊರೆಯನ್ನು ನಾವು ಇಂದಿಗೂ ತಿನ್ನುತ್ತೇವೆ. ಆ ಹಿರಿಯರು ಬರುವಾಗ ಒಂದೆಲಗದ ಕಟ್ಟನ್ನೂ ತರುತ್ತಾರೆ. ತಂಬುಳಿಯಾಗುತ್ತದೆ, ಕೂಡಿ ಉಣ್ಣುತ್ತೇವೆ. ಅವರ ಮುಂದಿನ ಕಣ್ಣಿನ ತಪಾಸಣೆಯ ದಿನವನ್ನು ಮಠದ ಪಂಚಾಂಗದ ಅಂಚಿನಲ್ಲಿ ನಾವೇ ಬರೆದಿಟ್ಟಿದ್ದೇವೆ.