ರೋಹ್ತಾಂಗ್ ಹಿಮದಲ್ಲಿ ತಣಿಯದ ಬಾಟಲಿ

ಬೇಸಿಗೆ ರಜೆಯಲ್ಲಿ ಮನಾಲಿಗೆ ಹೋದವರಿಗೆ ರೋಹ್ತಾಂಗ್ ನೋಡುವ ಆಸೆ ಇದ್ದೇ ಇರುತ್ತದೆ. ಊರಿನಿಂದ ಅಂಕುಡೊಂಕು ಹಾದಿಯಲ್ಲಿ 51 ಕಿ.ಮೀ., ಎತ್ತರ 3,978 ಮೀಟರ್. 2020ರಲ್ಲಿ ಅಟಲ್ ಸುರಂಗ ತೆರೆದ ಮೇಲೆ ಲಾಹೌಲ್ ಕಡೆಗೆ ಹೋಗುವವರು ಈ ಘಟ್ಟ ಹತ್ತಲೇಬೇಕೆಂದಿಲ್ಲ. ಹಿಮ ಮುಟ್ಟುವ ಆಸೆಗೇ ಜನ ಹತ್ತುತ್ತಾರೆ.

ಅಲ್ಲಿ ಮಕ್ಕಳಿಗೆ ಹೊಳೆಯುವ ಮೊದಲ ಆಟ ಹಿಮದ ಚೆಂಡು. ಎರಡನೆಯದು, ಪ್ರಯಾಣದಲ್ಲಿ ಬೆಚ್ಚಗಾದ ಪಾನೀಯದ ಬಾಟಲಿಯನ್ನು ಹಿಮದಲ್ಲಿ ಹೂಳುವುದು. ಹತ್ತು ನಿಮಿಷ ಬಿಟ್ಟು ತೆಗೆದರೆ ಅದು ಅಂದುಕೊಂಡಷ್ಟು ತಣ್ಣಗಾಗಿರುವುದಿಲ್ಲ. ಸುತ್ತ ಬೆಟ್ಟದಷ್ಟು ಹಿಮವಿದ್ದೂ ಹೀಗೇಕೆ?

ಹಿಮಕ್ಕೇನೂ ಕೊರತೆಯಿಲ್ಲ. 200 ಮಿ.ಲೀ. ಪಾನೀಯವನ್ನು 25 ಡಿಗ್ರಿ ಸೆಲ್ಸಿಯಸ್‌ನಿಂದ 5 ಡಿಗ್ರಿಗೆ ಇಳಿಸಲು ಸುಮಾರು 4,000 ಕ್ಯಾಲೊರಿ ಶಾಖ ತೆಗೆಯಬೇಕು. ಒಂದು ಗ್ರಾಂ ಹಿಮ ಕರಗುವಾಗ 80 ಕ್ಯಾಲೊರಿ ಹೀರಿಕೊಳ್ಳುತ್ತದೆ. ಗಾಜಿನ ಲೆಕ್ಕ ಬಿಟ್ಟರೆ 50 ಗ್ರಾಂ ಹಿಮ ಸಾಕು! ತೊಡಕಿರುವುದು ಶಾಖ ಸಾಗುವ ದಾರಿಯಲ್ಲಿ. ಹೊಸದಾಗಿ ಬಿದ್ದ ಹಿಮದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಗಾಳಿ. ಬೇಸಿಗೆಯ ಹಳೆಯ ಹಿಮದಲ್ಲೂ ಸುಮಾರು ಅರ್ಧ ಗಾಳಿಯೇ. ಮೇಲಾಗಿ ಬಾಟಲಿಗೆ ತಾಗಿದ ಹಿಮ ಕರಗಿ, ನೀರು ಕೆಳಗೆ ಸೋರಿ, ಸುತ್ತ ಟೊಳ್ಳು ಉಳಿಯುತ್ತದೆ. ಶಾಖ ಸಾಗಿಸುವುದರಲ್ಲಿ ಗಾಳಿ ಮಹಾ ಸೋಮಾರಿ. ನೀರು ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಚುರುಕು. ಉತ್ತರ ಧ್ರುವದ ಕಡೆಯ ಇನ್ಯುಇಟ್ ಜನರ ಹಿಮದ ಮನೆ, ಇಗ್ಲೂ, ಒಳಗೆ ಬೆಚ್ಚಗಿರುವುದು ಈ ಸೋಮಾರಿತನದಿಂದಲೇ.

ಉಪಾಯ ಸುಲಭ. ಪಾತ್ರೆಯಲ್ಲಿ ಹಿಮ ತುಂಬಿ, ಮೇಲೆ ನೀರು ಸುರಿದು, ಬಾಟಲಿ ಮುಳುಗಿಸಿ ಆಗಾಗ ತಿರುಗಿಸಿದರೆ ಬೇಗ ತಣಿಯುತ್ತದೆ. ಪಾತ್ರೆ ಇಲ್ಲದಿದ್ದರೆ ಹಿಮ ಕರಗಿ ಹರಿಯುವ ತೊರೆಯಾದರೂ ಆದೀತು. ಬಿಯಾಸ್ ನದಿ ಹುಟ್ಟುವುದೇ ಈ ಭಾಗದಲ್ಲಿ. ಹರಿಯುವ ನೀರು ಬಾಟಲಿ ಬಿಟ್ಟುಕೊಟ್ಟ ಶಾಖವನ್ನು ಕೂಡಲೇ ಹೊತ್ತೊಯ್ಯುತ್ತದೆ.

ಬಾಟಲಿಗೆ ಅನುಕೂಲವಾದ ಈ ನಿಯಮ ಮಕ್ಕಳ ಬೆರಳಿಗೆ ಅಪಾಯ. ಒಣ ಕೈಗವಸಿನೊಳಗಿನ ಗಾಳಿ ಮೈಯ ಶಾಖವನ್ನು ಕಾಯುತ್ತದೆ. ಆಟದ ಭರದಲ್ಲಿ ಹಿಮ ಕರಗಿ ಗವಸು, ಸಾಕ್ಸ್ ತೊಯ್ದರೆ ಗಾಳಿಯ ಜಾಗಕ್ಕೆ ನೀರು ಬರುತ್ತದೆ. ಜತೆಗೆ ಘಟ್ಟದ ಗಾಳಿ ಬೀಸಿತೆಂದರೆ ಬೆರಳು ಮರಗಟ್ಟಲು ತಡವಿಲ್ಲ. ಬಾಡಿಗೆಗೆ ಸಿಗುವ ದಪ್ಪ ಕೋಟನ್ನು ಮಾತ್ರ ನಂಬುವ ತಂದೆ ತಾಯಿ ಇದನ್ನು ಗಮನಿಸುವುದಿಲ್ಲ. ಹತ್ತಿ ಬಟ್ಟೆಗಿಂತ ಉಣ್ಣೆ ವಾಸಿ. ನೆನೆದರೂ ಅದರ ಎಳೆಗಳ ನಡುವೆ ಒಂದಿಷ್ಟು ಗಾಳಿ ಉಳಿದಿರುತ್ತದೆ. ಕೈಚೀಲದಲ್ಲಿ ಇನ್ನೊಂದು ಜತೆ ಉಣ್ಣೆಯ ಗವಸು, ಸಾಕ್ಸ್ ಇದ್ದರೆ ಒದ್ದೆಯಾದದ್ದನ್ನು ಅಲ್ಲೇ ಬದಲಿಸಬಹುದು.