ಅಪವಾದ ಹೊತ್ತ ಅಕ್ಷರ

ಗಣಕಯಂತ್ರವು ಕೆಲಸದ ನಡುವೆ ಹಠಾತ್ತನೆ ಸ್ತಬ್ಧವಾದಾಗ, ಆ ಕ್ಷಣದಲ್ಲಿ ತೆರೆಯ ಮೇಲೆ ಏನಿದ್ದಿತೋ ಅದನ್ನೇ ಜನ ದೂರುತ್ತಾರೆ. ಮಕ್ತಲ್ ಕಡೆಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಈ ದೂರು ಕನ್ನಡ ಲಿಪಿಯ ಮೇಲೆ ಬಂದಿದ್ದಿತು. ಇಂಗ್ಲಿಷಿನಲ್ಲಿ ಪಟ್ಟಿಗಳನ್ನು ಬೆರಳಚ್ಚು ಮಾಡುವಾಗ ತೆಪ್ಪಗಿರುವ ಯಂತ್ರ, ಕನ್ನಡ ಪಠ್ಯಪುಸ್ತಕವನ್ನು ತೆರೆದು ನಾಲ್ಕಾರು ಹಾಳೆ ಸರಿಸುವಷ್ಟರಲ್ಲಿ ನಿಂತುಬಿಡುತ್ತಿದ್ದಿತು. “ಕನ್ನಡ ತೆಗೆದ್ರ ಸಾಕು, ಸಾಯ್ತದ ನೋಡಪ್ಪಾ ಇದು” ಎಂದು ನನ್ನ ಗುರುಗಳು ದೂರವಾಣಿಯಲ್ಲಿ ಹೇಳಿದರು. ಪ್ರಶ್ನೆಪತ್ರಿಕೆಗಳನ್ನು ಇನ್ನು ಕೈಯಲ್ಲೇ ಬರೆಯುವುದು, ಯಂತ್ರವನ್ನು ಇಂಗ್ಲಿಷ್ ಕೆಲಸಕ್ಕೆ ಮೀಸಲಿಡುವುದು ಎಂಬ ಮಾತು ಅಲ್ಲಿ ಆಗಲೇ ನಡೆದಿದ್ದಿತು. ಅದೇ ಗುರುಗಳ ಬಳಿ ಕನ್ನಡದಲ್ಲಿ ಗಣಿತ ಕಲಿತು, ಈಗ ಹೈದರಾಬಾದಿನಲ್ಲಿ ಇಂತಹ ಯಂತ್ರಪತನಗಳ ಕಾರಣ ಹುಡುಕುವುದನ್ನೇ ಉದ್ಯೋಗ ಮಾಡಿಕೊಂಡಿರುವ ನನಗೆ ಆ ಮಾತು ನಾಟಿತು.

ಗುರುಗಳ ಸಂಶಯ ಬುಡವಿಲ್ಲದ್ದೇನೂ ಅಲ್ಲ. ೨೦೧೮ರ ಫೆಬ್ರವರಿಯಲ್ಲಿ ತೆಲುಗಿನ ‘ಜ್ಞಾ’ ಎಂಬ ಸಂಯುಕ್ತಾಕ್ಷರವು, ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಕೊಂಡು ಬಂದಾಗ, ಆಪಲ್ ಕಂಪನಿಯ ಐಫೋನುಗಳಲ್ಲಿ ಸಂದೇಶದ ತಂತ್ರಾಂಶಗಳನ್ನು ಕೆಡವುತ್ತಿದ್ದಿತು. ಅದೇ ತಿಂಗಳು ತಿದ್ದುಪಡಿ ಹೊರಟಿತು. ತಿದ್ದಲ್ಪಟ್ಟದ್ದು ತೆಲುಗು ಲಿಪಿಯಲ್ಲ, ಅಕ್ಷರವನ್ನು ಚಿತ್ರಿಸುವ ತಂತ್ರಾಂಶ. ಆದರೆ ಮಕ್ತಲಿನ ವ್ಯಾಧಿ ಅದಕ್ಕಿಂತ ಆಳದ್ದು. ಇಲ್ಲಿ ಬೀಳುತ್ತಿದ್ದುದು ಕರ್ನೆಲ್, ಎಂದರೆ ಇಡೀ ಕಾರ್ಯಾಚರಣ ವ್ಯವಸ್ಥೆಯ ತಿರುಳು.

ನಾರಾಯಣಪೇಟೆಯ ನೇಕಾರರು ಒಂದೇ ಹಾಸಿನಲ್ಲಿ ಎಂಟು ಸೀರೆಗಳನ್ನು ಒಂದಾದ ಮೇಲೊಂದರಂತೆ ನೇಯುವುದನ್ನು ಕಂಡವರಿಗೆ ಈ ವಿಷಯ ಕಠಿನವಲ್ಲ. ಯಂತ್ರದ ಮೆಮೊರಿಯೂ ಒಂದು ಉದ್ದನೆಯ ಹಾಸು. ಕರ್ನೆಲ್ ಅದನ್ನು ಸಾಮಾನ್ಯವಾಗಿ ೪೦೯೬ ಬೈಟುಗಳ ‘ಪುಟ’ಗಳಾಗಿ ವಿಭಾಗಿಸಿ, ಯಾವ ಪುಟ ಯಾರ ಪಾಲಿನದೆಂದು ಲೆಕ್ಕವಿಡುತ್ತದೆ. ಸಾಧಾರಣ ತಂತ್ರಾಂಶವೊಂದು ತನ್ನ ಪಾಲನ್ನು ಮೀರಿ ಕೈಚಾಚಿದರೆ ಕರ್ನೆಲ್ ಅದೊಂದನ್ನೇ ಹೊರಗೆ ಹಾಕುತ್ತದೆ, ಉಳಿದವು ನಡೆಯುತ್ತವೆ. ಚಿತ್ರ ಬಿಡಿಸುವ ಗ್ರಾಫಿಕ್ಸ್ ಡ್ರೈವರಿನ ಮಾತು ಬೇರೆ. ವೇಗದ ಆಸೆಯಿಂದ ಮೈಕ್ರೋಸಾಫ್ಟಿನವರು ೧೯೯೬ರ ಎನ್‌ಟಿ ೪ರಲ್ಲಿ ಚಿತ್ರಕಾರ್ಯವನ್ನು ಕರ್ನೆಲ್ಲಿನ ಒಳಕ್ಕೆ ತಂದರು; ಲಿನಕ್ಸಿನಲ್ಲಿಯೂ ೨೦೦೯ರ ಸುಮಾರಿಗೆ ತೆರೆಯನ್ನು ಸಜ್ಜುಗೊಳಿಸುವ ಕೆಲಸ ಒಳಗೆ ಬಂದಿತು. ಒಳಮನೆಯವನೇ ಎಲ್ಲೆ ಮೀರಿದರೆ ತಡೆಯುವವರು ಯಾರು? ಆಗ ಕರ್ನೆಲ್, ಕೆಟ್ಟ ಲೆಕ್ಕವನ್ನು ಡಿಸ್ಕಿಗೆ ಬರೆದು ಕಡತಗಳನ್ನೂ ಕೆಡಿಸುವುದಕ್ಕಿಂತ ನಿಲ್ಲುವುದೇ ಲೇಸೆಂದು ತಾನೇ ನಿಂತುಬಿಡುತ್ತದೆ.

೨೦೨೪ರ ಜುಲೈ ೧೯ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶ ಹೀಗೆಯೇ ಕರ್ನೆಲ್ಲಿನ ಒಳಗೆ ಕುಳಿತು, ೨೦ ಅಂಶಗಳಿದ್ದ ಪಟ್ಟಿಯಲ್ಲಿ ೨೧ನೆಯದನ್ನು ಓದಲು ಹೋಯಿತು. ಮೈಕ್ರೋಸಾಫ್ಟಿನ ಅಂದಾಜಿನಂತೆ ಸುಮಾರು ೮೫ ಲಕ್ಷ ಯಂತ್ರಗಳು ಬಿದ್ದವು. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಚೀಟಿಯನ್ನು ಕೈಯಲ್ಲಿ ಬರೆದು ಕೊಡಬೇಕಾಯಿತು.

ಇರಲಿ. ಒಂದು ಭಾನುವಾರ ಮಕ್ತಲಿಗೆ ಹೋದೆನು. ಗುರುಗಳೊಡನೆ ಎಂಟು ಹತ್ತು ಮಂದಿ ವಿದ್ಯಾರ್ಥಿಗಳೂ ಕುತೂಹಲದಿಂದ ನೆರೆದಿದ್ದರು. ನಾನು ಸಲಕರಣೆಗಳನ್ನು ಹೊರತೆಗೆಯುವ ಮುನ್ನವೇ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು, “ಸರ್, ತೆಲುಗು ಪುಸ್ತಕ ತೆಗೆದು ನೋಡೋಣಲ್ಲ?” ಎಂದಳು. ಹೈದರಾಬಾದಿನ ನಮ್ಮ ಕಚೇರಿಯಲ್ಲಿಯೂ ಇದಕ್ಕಿಂತ ಒಳ್ಳೆಯ ಸಲಹೆ ದಿನವೂ ದೊರೆಯುವುದಿಲ್ಲ. ಅಷ್ಟೇ ದಪ್ಪದ ತೆಲುಗು ಪುಸ್ತಕವನ್ನು ತೆರೆದೆವು, ಯಂತ್ರ ನಿಂತಿತು. ಅಕ್ಷರವೇ ಇಲ್ಲದ ದೊಡ್ಡ ಛಾಯಾಚಿತ್ರಗಳನ್ನು ತೆರೆದೆವು, ಆಗಲೂ ನಿಂತಿತು. ಆ ಪಠ್ಯಪುಸ್ತಕಗಳೆಲ್ಲ ಹಾಳೆ ಹಾಳೆಯಾಗಿ ಚಿತ್ರ ತೆಗೆದು ಸೇರಿಸಿದವು, ಬಹಳ ಭಾರವಾದವು. ಕನ್ನಡ ನಿರಪರಾಧಿಯೆಂಬುದು ಅಲ್ಲಿಗೆ ಸಿದ್ಧವಾಯಿತು. ಅಪರಾಧಿ ಯಾರೆಂಬುದು ಮಾತ್ರ ಉಳಿಯಿತು.

ಕರ್ನೆಲ್ ಸಾಯುವಾಗ ಒಂದು ಮರಣಪತ್ರ ಬರೆಯುತ್ತದೆ: ಯಾವ ಕಾರ್ಯದಲ್ಲಿದ್ದೆ, ಯಾರು ನನ್ನನ್ನು ಕರೆದಿದ್ದರು, ಕೈಯಲ್ಲಿ ಯಾವ ಅಂಕಿಗಳಿದ್ದವು ಎಂದು. ಗ್ರಾಫಿಕ್ಸ್ ಪತನದ ವಿಶೇಷ ಸಂಕಟವೆಂದರೆ, ಈ ಪತ್ರವನ್ನು ತೆರೆಯ ಮೇಲೆ ತೋರಿಸಬೇಕಾದವನೇ ಮೊದಲು ಬಿದ್ದಿರುತ್ತಾನೆ. ಲಿನಕ್ಸಿನಲ್ಲಿ ಇದಕ್ಕೆಂದೇ ಒಂದು ಹೊಸ ಏರ್ಪಾಡು ೨೦೨೪ರಲ್ಲಿ ಸೇರಿತಾದರೂ ಶಾಲೆಯ ಯಂತ್ರದಲ್ಲಿದ್ದುದು ಹಳೆಯ ಆವೃತ್ತಿ. ಆದುದರಿಂದ ಜಾಲದ ತಂತಿಯೊಂದರಿಂದ ಅದನ್ನು ನನ್ನ ಯಂತ್ರಕ್ಕೆ ಜೋಡಿಸಿ, ಬೀಳುವಾಗಿನ ಮಾತುಗಳು ಇತ್ತ ಬರುವಂತೆ ಮಾಡಿದೆನು.

ಮೂರು ಪತ್ರಗಳು ದೊರೆತವು. ಒಂದರಲ್ಲಿ ಯಂತ್ರ ಬಿದ್ದದ್ದು ಗ್ರಾಫಿಕ್ಸ್ ಡ್ರೈವರಿನಲ್ಲಿ, ಮತ್ತೊಂದರಲ್ಲಿ ಕಡತಗಳ ವಿಭಾಗದಲ್ಲಿ, ಮೂರನೆಯದರಲ್ಲಿ ಮೆಮೊರಿ ಹಂಚುವಲ್ಲಿ. ಸೈಕ್ಲೋಸ್ಟೈಲ್ ಮಾಡಿದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. ಸ್ಟೆನ್ಸಿಲ್ ಕೊರೆಯುವಾಗಲೇ ತಪ್ಪಿದ್ದರೆ ಪ್ರತಿಯೊಂದು ಹಾಳೆಯಲ್ಲಿಯೂ ಅದೇ ಸಾಲಿನಲ್ಲಿ ಅದೇ ತಪ್ಪು. ಮಸಿ ಚೆಲ್ಲಿದರೆ ಒಂದೊಂದು ಹಾಳೆಯಲ್ಲಿ ಒಂದೊಂದು ಕಡೆ. ತಂತ್ರಾಂಶದ ತಪ್ಪು ಮೊದಲನೆಯ ಜಾತಿ. ಗದ್ವಾಲಿನ ಒಬ್ಬ ಮಿತ್ರರ ಯಂತ್ರದಲ್ಲಿ ಅದನ್ನು ಕಂಡಿದ್ದೆನು: ಅಲ್ಲಿಯೂ ದೂರು ಇದೇ, ಆದರೆ ಪ್ರತಿ ಸಲವೂ ಗ್ರಾಫಿಕ್ಸಿನ ಅದೇ ಒಂದು ಕಾರ್ಯದಲ್ಲಿಯೇ ಪತನ. ಹಿಂದಿನ ಕರ್ನೆಲ್ಲಿಗೆ ಮರಳಿದೊಡನೆ ಅದು ನೆಟ್ಟಗಾಯಿತು. (ಗದ್ವಾಲ್ ೧೯೫೬ರವರೆಗೆ ರಾಯಚೂರು ಜಿಲ್ಲೆಯದೆಂಬುದನ್ನು ಆ ಮಿತ್ರರು ಪ್ರತಿ ಭೇಟಿಯಲ್ಲಿಯೂ ನೆನಪಿಸುತ್ತಾರೆ.) ಮಕ್ತಲಿನದು ಚೆಲ್ಲಿದ ಮಸಿ.

ಎರಡು ಪತ್ರಗಳಲ್ಲಿ ಇನ್ನೊಂದು ಸುಳಿವಿದ್ದಿತು. ಇಂತಹ ಯಂತ್ರಗಳಲ್ಲಿ ಕರ್ನೆಲ್ಲಿನ ಮೆಮೊರಿ ವಿಳಾಸಗಳು ‘ಎಫ್ ಎಫ್ ಎಫ್ ಎಫ್’ ಎಂದು ಮೊದಲಾಗಬೇಕು. ಅಲ್ಲಿ ‘ಎಫ್ ಎಫ್ ಇ ಎಫ್’ ಎಂದಿದ್ದಿತು. ಹದಿನಾರರ ಎಣಿಕೆಯಲ್ಲಿ ಎಫ್ ಎಂದರೆ ೧೫, ದ್ವಿಮಾನದಲ್ಲಿ ೧೧೧೧. ಇ ಎಂದರೆ ೧೪, ಅದು ೧೧೧೦. ಅರುವತ್ತನಾಲ್ಕು ಬಿಟ್‌ಗಳಲ್ಲಿ ಒಂದೇ ಒಂದು, ಎರಡು ಸಲವೂ ಅದೇ ಸ್ಥಾನದ್ದು, ಒಂದಾಗಿರಬೇಕಾದುದು ಸೊನ್ನೆಯಾಗಿದ್ದಿತು. ಬರೆದವನು ಸರಿಯಾಗಿಯೇ ಬರೆದಿದ್ದನು, ಹಲಗೆ ಒಂದು ಚುಕ್ಕೆಯನ್ನು ನುಂಗಿದ್ದಿತು.

ರಾತ್ರಿಯಿಡೀ ಮೆಮ್‌ಟೆಸ್ಟ್ ಎಂಬ ಪರೀಕ್ಷೆಯನ್ನು ಹಚ್ಚಿಟ್ಟೆವು. ಅದು ಕಾರ್ಯಾಚರಣ ವ್ಯವಸ್ಥೆಯನ್ನು ಆಶ್ರಯಿಸದೆ, ಮೆಮೊರಿಯ ಪ್ರತಿ ಸ್ಥಾನದಲ್ಲಿಯೂ ಗೊತ್ತಾದ ಅಂಕಿಗಳನ್ನು ಬರೆದು ಮರಳಿ ಓದುತ್ತದೆ. ಬೆಳಗಿಗೆ ಒಂದೇ ಸಣ್ಣ ಪ್ರದೇಶದಲ್ಲಿ ಕೆಂಪು ಸಾಲುಗಳು ನಿಂತಿದ್ದವು. ಹಗುರ ಕೆಲಸವಿದ್ದಾಗ ಆ ಜಾಗದ ಸರದಿಯೇ ಬರುತ್ತಿರಲಿಲ್ಲ. ಭಾರವಾದ ಪುಸ್ತಕ ತೆರೆದಾಗ, ಅದರಲ್ಲಿಯೂ ಆ ಯಂತ್ರದ ಗ್ರಾಫಿಕ್ಸಿಗೆ ಸ್ವಂತ ಮೆಮೊರಿಯಿಲ್ಲದೆ ಇದೇ ಹಾಸಿನಿಂದ ಪಾಲು ಪಡೆಯುವುದರಿಂದ, ಹಂಚಿಕೆ ಅಲ್ಲಿಯತನಕ ಹಬ್ಬುತ್ತಿದ್ದಿತು.

ಹೊಸ ರ‍್ಯಾಮ್ ಪಟ್ಟಿ ಕೊಳ್ಳಲು ಶಾಲೆಯಲ್ಲಿ ಆಗ ಹಣವಿರಲಿಲ್ಲ. ಆದರೆ ಯಂತ್ರ ಏಳುವಾಗಲೇ ಕರ್ನೆಲ್ಲಿಗೆ, ಇಂತಹ ವಿಳಾಸದಿಂದ ಇಷ್ಟು ಜಾಗವನ್ನು ಮುಟ್ಟಬೇಡವೆಂದು ಒಂದು ಸಾಲಿನಲ್ಲಿ ಹೇಳಿಡಬಹುದು. ೪೦೯೬ ಮೆಗಾಬೈಟುಗಳಲ್ಲಿ ಒಂದನ್ನು ಹಾಗೆ ಬೇಲಿ ಹಾಕಿ ಬಿಟ್ಟೆವು. ಗುರುಗಳು ಅಂದು ಸಂಜೆಯವರೆಗೆ ಕನ್ನಡ ಪುಸ್ತಕವನ್ನು ಮೊದಲಿನಿಂದ ಕೊನೆಯತನಕ ಎರಡು ಸಲ ಸರಿಸಿ ನೋಡಿದರು.

ಆ ಹುಡುಗಿ ಮಾತ್ರ, ಬಿಟ್ಟುಬಿಟ್ಟ ಒಂದು ಮೆಗಾಬೈಟಿನಲ್ಲಿ ಎಷ್ಟು ಕನ್ನಡ ಅಕ್ಷರ ಹಿಡಿಸುತ್ತಿದ್ದವು ಎಂದು ಕೇಳಿದಳು. ಯುನಿಕೋಡಿನ ರೂಢಿಯ ಬರವಣಿಗೆಯಲ್ಲಿ ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೈಟು ಬೇಕೆಂದೆನು. ಕಪ್ಪುಹಲಗೆಯ ಮೇಲೆ ೧೦,೪೮,೫೭೬ನ್ನು ಮೂರರಿಂದ ಭಾಗಿಸಿ, ೩,೪೯,೫೨೫ ಎಂದು ಬರೆದು, ಶೇಷ ಒಂದು ಉಳಿಯಿತೆಂದಳು.